ನಾಲ್ಕು ಗಂಟೆಯ ಪಟ್ಟಿ

ನಮ್ಮಕ್ಕನಿಗೆ ಆಸ್ಪತ್ರೆಯಲ್ಲಿ ‘ಸ್ಥಿರಕ್ಕ’ ಅಂತ ಅಡ್ಡಹೆಸರು. ಇಟ್ಟವರು ಯಾರೆಂದು ಇವತ್ತಿಗೂ ಪತ್ತೆಯಾಗಿಲ್ಲ. ಪತ್ತೆಯಾಗಿದ್ದರೆ ಅವರ ಯೂನಿಫಾರ್ಮಿನೊಳಗೆ ತುರಿಕೆ ಪುಡಿ ಉದುರಿಸದೆ ಬಿಡುತ್ತಿರಲಿಲ್ಲ; ಅದು ನನ್ನ ಕೈಯಲ್ಲೇ ಇರುವ ಕೆಲಸ. ನಾನು ಅದೇ ಆಸ್ಪತ್ರೆಯ ಬಟ್ಟೆ ಕೋಣೆಯವಳು. ಹಾಸಿಗೆಯ ಚಾದರ, ದಿಂಬಿನ ಚೀಲ, ಡಾಕ್ಟರರ ಬಿಳಿ ಕೋಟು ಎಲ್ಲ ನನ್ನ ಕೈ ದಾಟಿಯೇ ಮೇಲಕ್ಕೆ ಹೋಗಬೇಕು. ಅಕ್ಕ ಕೆಳಗೆ ಎರಡನೇ ನಂಬರಿನ ಕಿಟಕಿಯಲ್ಲಿ ಕೂರುತ್ತಾಳೆ. ಕಿಟಕಿಯ ಮೇಲೆ ‘ರೋಗಿಗಳ ಮಾಹಿತಿ’ ಅಂತ ಬೋರ್ಡು. ಒಂದು ಗಾಜು, ಗಾಜಿನ ಕೆಳಗೆ ಕಾಗದ ದಾಟಿಸುವಷ್ಟು ಕಂಡಿ, ತಂತಿಯಿರುವ ಹಳೇ ಫೋನು, ಒಂದು ಚಕ್ರ ಮುರಿದ ಕುರ್ಚಿ. ಹದಿನಾರು ವರ್ಷದಿಂದ ಅದೇ ಅವಳ ರಾಜ್ಯ.

ಮೊದಲೇ ಹೇಳಿಬಿಡುತ್ತೇನೆ, ನಾನು ಕ್ಷಮಿಸುವ ಪೈಕಿಯವಳಲ್ಲ. ಕ್ಷಮಿಸಿದವರು ದೊಡ್ಡವರು ಅನ್ನುವವರು ಅನ್ನಲಿ, ನನಗೆ ಅಷ್ಟು ದೊಡ್ಡವಳಾಗುವ ಆಸೆಯೇನೂ ಇಲ್ಲ. ಅಕ್ಕ ನನ್ನ ಹಾಗಲ್ಲ. ಅವಳು ಮೆತ್ತಗಿನವಳು, ಜಗಳ ಶುರುವಾಗುವ ಮೊದಲೇ ತಪ್ಪಾಯಿತು ಅಂದುಬಿಡುವವಳು. ಅಂಥವಳ ಹೊಟ್ಟೆಯಲ್ಲೂ ಕೆಂಡ ಹಾಕಿ ಕೂರಿಸಿದರಲ್ಲ, ಆ ಮಹಾನುಭಾವರ ಕಥೆಯೂ ಇದರಲ್ಲೇ ಬರುತ್ತದೆ.

ಊರಿಗೇ ಬೀಗ ಹಾಕಿಸಿದ ಆ ಕಾಯಿಲೆ ಬರುವ ಮೊದಲು ಅಕ್ಕನ ಕಿಟಕಿಯ ಮುಂದೆ ಜನ ಸುಮ್ಮನೆ ಬಂದು ನಿಲ್ಲುತ್ತಿದ್ದರು. ಅವಳ ಬಾಯಿ ಅಂಥದು. ವಾರ್ಡಿಗೆ ಫೋನು ಹಾಕಿ ಕೇಳಿ, ಕೇಳಿದ್ದಕ್ಕೆ ನಾಲ್ಕು ಮಾತು ಸೇರಿಸಿ ಹೇಳುತ್ತಿದ್ದಳು. “ಜ್ವರ ಇಳಿದಿದೆ, ಟೀ ಕುಡಿದ್ರಂತೆ, ಸಕ್ಕರೆ ಕಮ್ಮಿ ಆಯ್ತು ಅಂತ ಸಿಸ್ಟರನ್ನ ಬೈದ್ರಂತೆ. ಬೈಯೋ ಶಕ್ತಿ ಬಂದಿದೆ ಅಂದ್ಮೇಲೆ ನೀವ್ಯಾಕೆ ಹೆದರ್ತೀರಿ?” ಅಳುತ್ತ ಬಂದವರು ನಗುತ್ತ ಹೋಗುತ್ತಿದ್ದರು.

ಕಾಯಿಲೆ ಬಂತು. ಗೇಟು ಮುಚ್ಚಿದರು. ರೋಗಿಯ ಕಡೆಯವರು ಒಳಗೆ ಬರುವ ಹಾಗಿಲ್ಲ, ರೋಗಿಗಳ ಹತ್ತಿರ ಮೊಬೈಲು ಇರುವ ಹಾಗಿಲ್ಲ. ಒಳಗಿರುವವರಿಗೂ ಹೊರಗಿರುವವರಿಗೂ ನಡುವೆ ಉಳಿದದ್ದು ಅಕ್ಕನ ಫೋನು ಒಂದೇ. ದಿನಕ್ಕೆ ಇನ್ನೂರು ಮುನ್ನೂರು ಕರೆ. ಆಗ ನಮ್ಮ ಸೂಪರಿಂಟೆಂಡೆಂಟ್ ಸಾಹೇಬರು ಒಂದು ನಿಯಮ ಮಾಡಿದರು. ಅವರಿಗೆ ನಾನಿಟ್ಟ ಹೆಸರು ಇಸ್ತ್ರಿ ಸಾಹೇಬರು. ಊರಿಗೆ ಊರೇ ಮುದುರಿಕೊಂಡು ಬಿದ್ದಿದ್ದ ದಿನಗಳಲ್ಲೂ ಅವರ ಕೋಟಿನ ಮೇಲೆ ಒಂದು ಸುಕ್ಕು ಕಂಡವರಿಲ್ಲ. ಕಾಣದ ಹಾಗೆ ನೋಡಿಕೊಂಡವಳು ನಾನೇ. ಅವರ ನಿಯಮ ಹೀಗಿತ್ತು: ದಿನಕ್ಕೆ ಎರಡೇ ಪಟ್ಟಿ. ಬೆಳಿಗ್ಗೆ ಹತ್ತಕ್ಕೊಂದು, ಮಧ್ಯಾಹ್ನ ನಾಲ್ಕಕ್ಕೊಂದು. ಮಧ್ಯೆ ಯಾರು ಏನು ಕೇಳಿದರೂ ಕೈಯಲ್ಲಿರುವ ಪಟ್ಟಿಯಲ್ಲಿ ಇದ್ದದ್ದನ್ನು ಓದಬೇಕು. ಓದಬೇಕಾದ ವಾಕ್ಯವನ್ನೂ ಟೈಪು ಮಾಡಿಸಿ ಗಾಜಿಗೆ ಅಂಟಿಸಿದರು: ‘ಸ್ಥಿತಿ ಸ್ಥಿರವಾಗಿದೆ. ಮುಂದಿನ ಮಾಹಿತಿ ನಾಲ್ಕು ಗಂಟೆಗೆ.’

“ಗೇಟಿನ ಮುಂದೆ ಅಳು, ಕೂಗಾಟ ಎಲ್ಲ ದಿನವಿಡೀ ಬೇಡ. ಆಗೋದೆಲ್ಲ ನಾಲ್ಕು ಗಂಟೆಗೆ ಒಂದೇ ಸಲ ಆಗಿ ಮುಗೀಲಿ” ಅಂದರಂತೆ. ಸಾವಿಗೂ ಆಫೀಸು ಟೈಮು ಗೊತ್ತು ಮಾಡಿದ ಪುಣ್ಯಾತ್ಮರು.

ಇನ್ನು ಇಪ್ಪತ್ತಮೂರನೇ ಹಾಸಿಗೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಹೇಳುವಾಗ ನನ್ನ ಮೇಲೂ ನನಗೆ ಸಿಟ್ಟು ಬರುತ್ತದೆ.

ಆ ಹಾಸಿಗೆಯಲ್ಲಿ ಒಬ್ಬ ಅಮ್ಮ ಇದ್ದರು. ಉದ್ದ ಕೂದಲು, ಯಾವಾಗಲೂ ಸಿಕ್ಕು. ಮಗಳು ಬಸ್ ಕಂಡಕ್ಟರು. ಅವಳಿಗೂ ಕಾಯಿಲೆ ತಗಲಿ ಮನೆಯಲ್ಲೇ ಕೂಡಿಹಾಕಿದ್ದರಿಂದ ಅವಳು ಗೇಟಿನವರೆಗೂ ಬರುವಂತಿರಲಿಲ್ಲ. ದಿನಕ್ಕೆ ಎರಡು ಸಲ ಫೋನು ಮಾಡುತ್ತಿದ್ದಳು, ಹನ್ನೊಂದಕ್ಕೆ ಮತ್ತು ಮೂರಕ್ಕೆ. ಬಸ್ಸಿನಲ್ಲಿ ಸ್ಟಾಪು ಕೂಗಿ ಅಭ್ಯಾಸವಾದ ಗಂಟಲು. “ಇಪ್ಪತ್ತಮೂರು! ನಮ್ಮಮ್ಮ ಹೇಗಿದ್ದಾರೆ?” ಅಂತಲೇ ಶುರು. ಅಕ್ಕ ಅವಳಿಗೆ ಕಂಡಕ್ಟರಮ್ಮ ಅಂತ ಹೆಸರಿಟ್ಟಿದ್ದಳು.

ಆ ತಿಂಗಳ ಹದಿನೇಳನೇ ತಾರೀಖು ಹತ್ತಕ್ಕೆ ಪಟ್ಟಿ ಬಂತು. ಇಪ್ಪತ್ತಮೂರು, ಸ್ಥಿರ. ಹತ್ತೂವರೆಗೆ ನಾನು ತೊಳೆದ ಚಾದರಗಳ ಗಾಡಿ ತಳ್ಳಿಕೊಂಡು ಆ ವಾರ್ಡಿನ ಬಾಗಿಲಿಗೆ ಹೋದೆ. ಇಪ್ಪತ್ತಮೂರರ ಸುತ್ತ ಪರದೆ ಎಳೆದಿತ್ತು. ಸಿಸ್ಟರು ಕನ್ನಡಕದ ಒಳಗಿಂದಲೇ ನನ್ನ ಕಡೆ ನೋಡಿ, ಎರಡು ಚಾದರ ಬೇಕು ಅಂತ ಬೆರಳು ತೋರಿಸಿದಳು. ಹಾಸುವುದಕ್ಕೆ ಒಂದು ಸಾಕು. ಎರಡು ಯಾಕೆ ಬೇಕು ಅಂತ ಬಟ್ಟೆ ಕೋಣೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹನ್ನೊಂದಕ್ಕೆ ಮಗಳು ಫೋನು ಮಾಡಿದಾಗ ಅಕ್ಕನಿಗೆ ಇದು ಗೊತ್ತಿರಲಿಲ್ಲ. ಪಟ್ಟಿ ನೋಡಿ ಸ್ಥಿರ ಅಂದಳು. ಒಂದು ಗಂಟೆಗೆ ಊಟದ ಡಬ್ಬಿ ಬಿಚ್ಚುವಾಗ ನಾನು ಬಾಯಿಬಿಟ್ಟೆ. “ನಿನ್ನ ಕಂಡಕ್ಟರಮ್ಮನ ತಾಯಿ ಹೋಗ್ಬಿಟ್ರು ಕಣೇ.” ಯಾಕೆ ಹೇಳಿದೆನೋ. ಹೇಳದೇ ಇದ್ದಿದ್ದರೆ ಅವಳು ಬರೀ ಪಟ್ಟಿ ಓದಿದವಳಾಗಿ ಉಳಿಯುತ್ತಿದ್ದಳು.

ಅಕ್ಕ ಡಬ್ಬಿ ಮುಚ್ಚಿ ನೇರ ಸಾಹೇಬರ ಕೋಣೆಗೆ ಹೋದಳು. ನಾನು ಅವರ ಎರಡು ಕೋಟು ಹಿಡಿದುಕೊಂಡು ಹಿಂದೆಯೇ ಹೋದೆ, ನೆಪ ಬೇಕಲ್ಲ.

“ಸಾರ್, ಇಪ್ಪತ್ತಮೂರು ಹೋಗಿದ್ದಾರಂತೆ. ಮೂರಕ್ಕೆ ಮಗಳು ಫೋನ್ ಮಾಡ್ತಾಳೆ. ಐದು ನಿಮಿಷ ಬಿಡಿ ಸಾರ್, ನಾನೇ ವಾರ್ಡಿನ ಬಾಗಿಲಿಗೆ ಹೋಗಿ ಕೇಳ್ಕೊಂಡು ಬಂದು ಹೇಳ್ತೀನಿ.”

ಸಾಹೇಬರು ಕಾಗದದಿಂದ ತಲೆ ಎತ್ತಲಿಲ್ಲ. “ಐದು ನಿಮಿಷ ಯಾರ ಹತ್ರ ಇದೆಯಮ್ಮ ಇಲ್ಲಿ? ಇವತ್ತು ಒಬ್ಬರಿಗೆ ಹೇಳಿದ್ರೆ ನಾಳೆ ಎಲ್ಲರಿಗೂ ಹೇಳ್ಬೇಕು. ಪಟ್ಟಿಯಲ್ಲಿ ಏನಿದೆಯೋ ಅದನ್ನ ಓದಿ.” ಆಮೇಲೆ ನನ್ನ ಕಡೆ ತಿರುಗಿ, “ಕೋಟು ಅಲ್ಲಿ ನೇತು ಹಾಕು, ಮಡಿಸ್ಬೇಡ” ಅಂದರು.

ಮೂರು ಗಂಟೆಗೆ ಫೋನು ಬಂತು. ಅಕ್ಕ ಗಾಜಿಗೆ ಅಂಟಿಸಿದ ವಾಕ್ಯ ಓದಿದಳು. ಅಲ್ಲಿಗೆ ಮುಗಿದಿದ್ದರೆ ಮುಗಿಯುತ್ತಿತ್ತು. ಆದರೆ ಮಗಳು ಕೇಳಿದಳು, “ಅಕ್ಕಾ, ಅಮ್ಮನ ತಲೆ ಸಿಕ್ಕಾಗಿರತ್ತೆ. ಪಕ್ಕದ ಮನೆಯವರ ಕೈಲಿ ಬಾಚಣಿಗೆ, ಎಣ್ಣೆ, ಒಂದು ನೈಟಿ ಕಳಿಸ್ಲಾ?” ಏಳು ತಾಸಿನಿಂದ ಕೂತಿದ್ದ ಅಕ್ಕ, ಬೇಡ ಅಂದರೆ ಯಾಕೆ ಬೇಡ ಅಂತ ಹೇಳಬೇಕಾಗುತ್ತದಲ್ಲ ಅಂತ ಹೆದರಿ, ಒಂದೇ ಒಂದು ಮಾತು ತನ್ನ ಬಾಯಿಂದ ಆಡಿದಳು. “ಕಳಿಸಿ.”

ಮೂರೂ ನಲವತ್ತಕ್ಕೆ ಚೀಲ ಬಂತು. ನಾಲ್ಕಕ್ಕೆ ಪಟ್ಟಿ ಬಂತು. ನಾಲ್ಕೂ ಐದಕ್ಕೆ ಮಗಳಿಗೆ ಫೋನು ಮಾಡಿ ಹೇಳಬೇಕಾದವಳೂ ಅಕ್ಕನೇ. ಆ ಕಡೆಯಿಂದ ಅಳು ಬರಲಿಲ್ಲವಂತೆ. “ಈಗಿನ್ನೂ ಬಾಚಣಿಗೆ ಕಳಿಸಿ ಅಂದ್ರಲ್ಲ” ಅಂದಳಂತೆ, ಅಷ್ಟೇ.

ಮರಣ ಪತ್ರದಲ್ಲಿ ಹತ್ತೂ ಇಪ್ಪತ್ತು ಅಂತ ಇತ್ತು. ಮಗಳು ಅದನ್ನು ನೋಡಿದಳು, ದೂರು ಕೊಟ್ಟಳು. ಇಸ್ತ್ರಿ ಸಾಹೇಬರು ಎರಡು ದಿನದಲ್ಲಿ ಕೈ ತೊಳೆದುಕೊಂಡರು. ಅಕ್ಕನ ಕೈಗೆ ಒಂದು ಮೆಮೊ ಬಂತು. ನನಗೆ ಅದು ಬಾಯಿಪಾಠ: ‘ಸದರಿ ನೌಕರರು ತಮ್ಮ ಸ್ವಂತ ಇಚ್ಛೆಯಿಂದ, ಪಟ್ಟಿಯಲ್ಲಿಲ್ಲದ ಮಾತನ್ನಾಡಿ, ರೋಗಿಯ ಕಡೆಯವರಲ್ಲಿ ಸುಳ್ಳು ಭರವಸೆ ಹುಟ್ಟಿಸಿದ್ದಾರೆ.’ ಅದರ ಒಂದು ಪ್ರತಿ ಮಗಳಿಗೂ ಹೋಯಿತು. ಪಟ್ಟಿಯ ಸುದ್ದಿ ಇಲ್ಲ, ಐದು ನಿಮಿಷ ಕೇಳಿದ ಸುದ್ದಿ ಇಲ್ಲ. ಇಡೀ ಪಾಪವನ್ನು ‘ಕಳಿಸಿ’ ಅನ್ನುವ ಒಂದು ಮಾತಿನ ಜುಟ್ಟಿಗೆ ಕಟ್ಟಿದರು. ಅದೇ ವಾರ ಎಲ್ಲ ಸಿಬ್ಬಂದಿಗೂ ಪ್ರಶಂಸಾ ಪತ್ರ ಹಂಚಿದರು, ಅಕ್ಕನಿಗೂ ಒಂದು ಸಿಕ್ಕಿತು. ಮೆಮೊಗೂ ಪ್ರಶಂಸೆಗೂ ಸಹಿ ಒಂದೇ, ಪೆನ್ನೂ ಒಂದೇ.

ಮುಂದಿನ ತಿಂಗಳು ಹದಿನೇಳಕ್ಕೆ ಮೂರು ಗಂಟೆಗೆ ಫೋನು ಬಂತು. “ಇಪ್ಪತ್ತಮೂರು. ನಮ್ಮಮ್ಮ ಹೇಗಿದ್ದಾರೆ?”

ಅಕ್ಕ “ಕ್ಷಮಿಸಿಬಿಡಮ್ಮ” ಅಂದಳು.

“ನಾನು ಕೇಳಿದ್ದು ಅದಲ್ಲ” ಅಂದಳು ಮಗಳು. ಹಿಂದೆ ಬಸ್ ನಿಲ್ದಾಣದ ಗದ್ದಲ. ಎರಡು ನಿಮಿಷ ಹಾಗೇ ಹಿಡಿದುಕೊಂಡಿದ್ದು ಇಟ್ಟಳು.

ಆಮೇಲೆ ಪ್ರತಿ ತಿಂಗಳೂ ಹದಿನೇಳು, ಮೂರು ಗಂಟೆ, ಅದೇ ಪ್ರಶ್ನೆ. ಅಕ್ಕ ಉತ್ತರ ಕೊಡುತ್ತಿರಲಿಲ್ಲ, ಇಡುತ್ತಲೂ ಇರಲಿಲ್ಲ. ಕಿವಿಗೆ ಹಿಡಿದು ಕೂರುತ್ತಿದ್ದಳು, ಆ ಕಡೆಯವಳು ಸಾಕಾಗಿ ಇಡುವವರೆಗೆ. ಆ ತಾರೀಖು ಬಂದರೆ ನಾನು ನನ್ನ ಬಿಡುವನ್ನು ಮೂರು ಗಂಟೆಗೆ ಇಟ್ಟುಕೊಂಡು ಅವಳ ಹಿಂದೆ ಹೋಗಿ ಕೂರುತ್ತಿದ್ದೆ. “ಸಾಹೇಬರು ಬೇಡ ಅಂದ್ರು ಅಂತ ಹೇಳೇ! ನಾನು ಸಾಕ್ಷಿ ಇದ್ದೀನಲ್ಲ!” ಅಂತ ಅದೆಷ್ಟು ಸಲ ಹಲ್ಲು ಕಡಿದಿದ್ದೇನೋ. ಅವಳದು ಒಂದೇ ಮಾತು. “ನಾನು ಹೇಳಿದ್ರೆ ತಪ್ಪಿಸ್ಕೊಳ್ಳೋಕೆ ಹೇಳ್ದೆ ಅಂತಾಳೆ. ಅವರ ಬಾಯಿಂದ ಬರ್ಬೇಕು. ಕಳಿಸಿ ಅಂದಿದ್ದು ನಾನೇ ತಾನೆ?” ಆ ಕಂಡಕ್ಟರಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳಲು ನಾನು ತುಂಬ ಪ್ರಯತ್ನಪಟ್ಟೆ, ಆಗಲಿಲ್ಲ. ಅವಳು ಮಾಡುತ್ತಿದ್ದುದನ್ನೇ ನಾನಾಗಿದ್ದರೂ ಮಾಡುತ್ತಿದ್ದೆ. ಹೊಡೆತ ಬೀಳುತ್ತಿದ್ದ ಜಾಗ ಮಾತ್ರ ತಪ್ಪು.

ಮನೆಯಲ್ಲಿ ಅಕ್ಕ ಬೇರೆಯೇ ಹೆಂಗಸಾದಳು. ಮೊಬೈಲು ತೆಗೆದುಕೊಂಡು ಹೋಗಿ ಅಕ್ಕಿ ಡಬ್ಬಿಯೊಳಗೆ ಹೂತಿಟ್ಟಳು. ಭಾವ ಅನ್ನಕ್ಕಿಡಲು ಹೋದಾಗ ಅಕ್ಕಿಯೊಳಗಿಂದ ಫೋನು ಬಡಿದುಕೊಂಡು, ಪಾಪ, ಅವರ ಜೀವ ಬಾಯಿಗೆ ಬಂದಿತ್ತು. ‘ಚೆನ್ನಾಗಿದೆ’ ಅನ್ನುವ ಮಾತನ್ನೇ ಅವಳು ಬಿಟ್ಟಳು. ಸಾರಿಗೆ ಉಪ್ಪು ಸರಿಯಿದೆಯಾ ಅಂದರೆ “ಉಪ್ಪು ಹಾಕಿದೆ” ಅನ್ನುವಳು. ಅವಳ ಪುಟ್ಟ ಮಗಳು ಚಿತ್ರ ಬರೆದು ತಂದು ಹೇಗಿದೆಯಮ್ಮ ಅಂತ ಕೇಳಿದರೆ, ಕೈಗೆ ತೆಗೆದುಕೊಂಡು ಅತ್ತಿತ್ತ ತಿರುಗಿಸಿ, “ಎರಡು ಮನೆ ಇದೆ. ಒಂದು ಮರ ಇದೆ” ಅನ್ನುವಳು. ಮಗು ನನ್ನ ಹತ್ತಿರ ಬಂದು, “ಚಿಕ್ಕಮ್ಮ, ಅಮ್ಮಂಗೆ ನನ್ನ ಚಿತ್ರ ಇಷ್ಟ ಇಲ್ವಾ?” ಅಂತ ಕೇಳಿತು. ಭಾನುವಾರ ಮಧ್ಯಾಹ್ನ ಅವಳ ಅತ್ತೆ ಮಲಗಿದ್ದರೆ ಗಂಟೆಗೆ ಮೂರು ಸಲ ಹೋಗಿ ಮೂಗಿನ ಹತ್ತಿರ ಕೈ ಹಿಡಿಯುವಳು. ಅತ್ತೆ ಒಂದು ದಿನ ಕಣ್ಣು ಬಿಟ್ಟು, “ಇನ್ನೂ ಇದ್ದೀನಿ ಹೋಗೇ” ಅಂದರು. ಎಲ್ಲರೂ ನಕ್ಕೆವು. ಅಕ್ಕ ನಗಲಿಲ್ಲ, ಕೈ ತೆಗೆಯಲೂ ಇಲ್ಲ.

ಸಿಬ್ಬಂದಿಯ ಮನಸ್ಸಿನ ಆರೋಗ್ಯಕ್ಕೆ ಅಂತ ಆಸ್ಪತ್ರೆಯಲ್ಲೊಂದು ಶಿಬಿರ ನಡೆಯಿತು. ಉದ್ಘಾಟಿಸಿದವರು ಯಾರು ಅಂದುಕೊಂಡಿರಿ? ಅವರೇ. ನಾನು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು, ಸಿಬ್ಬಂದಿಯ ನೆಮ್ಮದಿಯೇ ನನ್ನ ನೆಮ್ಮದಿ ಅಂದರು. ಹಿಂದಿನ ಸಾಲಿನಲ್ಲಿ ಕೂತು ನಾನು ಉಗುರೆಲ್ಲ ಕಚ್ಚಿ ಮುಗಿಸಿದೆ. ಆಮೇಲೆ ಒಂದು ಫಾರಂ ಕೊಟ್ಟರು. ಐದು ಮುಖಗಳ ಚಿತ್ರ, ನಗುವುದರಿಂದ ಅಳುವುದರವರೆಗೆ, ಒಂದಕ್ಕೆ ಗುರುತು ಹಾಕಬೇಕು. ಅಕ್ಕ ನಡುವಿನದಕ್ಕೆ ಹಾಕಿದಳು, ನಗುವೂ ಅಲ್ಲದ ಅಳುವೂ ಅಲ್ಲದ ಮುಖ. ಕೆಳಗೊಂದು ಪ್ರಶ್ನೆ, ‘ಈಗ ನಿಮಗೆ ಏನು ಬೇಕು ಅನ್ನಿಸುತ್ತಿದೆ?’ ಉಳಿದವರು ರಜೆ, ನಿದ್ದೆ, ಇನ್ನೊಬ್ಬ ಸಿಸ್ಟರು ಅಂತೆಲ್ಲ ಬರೆದರು. ಅಕ್ಕ ಬರೆದಳು: ‘ಅವರು ಒಂದು ಸಲ ನನ್ನ ಕಿಟಕಿಯ ಆಚೆ ಕಡೆ ನಿಲ್ಲಬೇಕು.’

ಮಾತಾಡಿಸಲು ಬಂದಿದ್ದ ಮನಶ್ಶಾಸ್ತ್ರದ ಹುಡುಗಿ ಒಳ್ಳೆಯವಳು. ಓದಿ, ಆ ಭಾಗವನ್ನು ಮಾತ್ರ ಹರಿದು ನಾಲ್ಕು ಮಡಿಕೆ ಮಾಡಿ ಅಕ್ಕನ ಕೈಗೆ ವಾಪಸು ಕೊಟ್ಟಳು. “ಇದು ಫೈಲಿಗೆ ಹೋಗೋದು ಬೇಡ ಮೇಡಂ. ಆದ್ರೆ ಬರೆದಿದ್ದು ಒಳ್ಳೇದಾಯ್ತು” ಅಂದಳು. ಅಕ್ಕ ಅದನ್ನು ಕಿಟಕಿಯ ಮೇಜಿನ ಡ್ರಾಯರಿನಲ್ಲಿಟ್ಟಳು. ಅಲ್ಲಿ ಆಗಲೇ ಆ ಚೀಲ ಇತ್ತು. ಬಾಚಣಿಗೆ, ಎಣ್ಣೆ ಬಾಟ್ಲಿ, ನೈಟಿ. ಕಂಡಕ್ಟರಮ್ಮ ಅದನ್ನು ವಾಪಸು ತೆಗೆದುಕೊಂಡಿರಲಿಲ್ಲ.

ನನ್ನಿಂದ ಆದ ಸೇಡನ್ನು ನಾನು ತೀರಿಸಿಕೊಳ್ಳುತ್ತಿದ್ದೆ. ಸಾಹೇಬರ ಕೋಟಿನ ಕಾಲರಿಗೆ ಮೂರು ಪಟ್ಟು ಗಂಜಿ ಹಾಕಿ ಇಸ್ತ್ರಿ ತಿಕ್ಕುತ್ತಿದ್ದೆ, ಕಾಲರು ಹಲಗೆಯ ಹಾಗೆ ನಿಲ್ಲುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅವರ ಕುತ್ತಿಗೆ ಸುತ್ತ ಕೆಂಪು ಬರೆ. “ಕಾಲರ್ ಯಾಕೋ ಗಟ್ಟಿ ಇದೆಯಲ್ಲಮ್ಮ” ಅಂದರೆ, “ಹೊಸ ಗಂಜಿ ಸಾರ್, ಒಳ್ಳೇ ಕಂಪನಿದು” ಅನ್ನುತ್ತಿದ್ದೆ. ಅವರು ನಿವೃತ್ತಿಯಾಗುವವರೆಗೂ ಅವರ ಕುತ್ತಿಗೆ ವಾಸಿಯಾಗಲಿಲ್ಲ. ಇದು ಸಣ್ಣತನ ಅಂತ ನನಗೆ ಗೊತ್ತು. ಗೊತ್ತಿದ್ದೂ ಸುಖವಾಗುತ್ತಿತ್ತು.

ಎರಡು ವರ್ಷ ಕಳೆಯಿತು. ಸಾಹೇಬರು ಮನೆಗೆ ಹೋದರು, ಅವರ ಜಾಗಕ್ಕೆ ಒಬ್ಬ ಮೇಡಂ ಬಂದರು. ಕಾಯಿಲೆ ಹೋದರೂ ಅಂಟುರೋಗದ ವಾರ್ಡು ಉಳಿಯಿತು, ಆ ವಾರ್ಡಿಗೆ ಮೊಬೈಲು ಬೇಡ, ಕಡೆಯವರು ಬೇಡ ಅನ್ನುವ ನಿಯಮವೂ ಎರಡು ಪಟ್ಟಿಯ ನಿಯಮವೂ ಉಳಿದವು. ಆಫೀಸಿನಲ್ಲಿ ಒಂದು ಕಾಗದ ಒಳಗೆ ಬಂದರೆ ಅದನ್ನು ಹೊರಗೆ ಹಾಕುವುದಕ್ಕೆ ಹತ್ತು ಕಾಗದ ಬೇಕು.

ಒಂದು ದಿನ ಹನ್ನೊಂದು ಗಂಟೆಗೆ ಅಕ್ಕನ ಕಿಟಕಿಯ ಮುಂದೆ ಸಾಲಿನಲ್ಲಿ ಏಳನೆಯವರಾಗಿ ಇಸ್ತ್ರಿ ಸಾಹೇಬರು ನಿಂತಿದ್ದರು. ಅಂಗಿ ಮುದುರಿತ್ತು. ಹೆಂಡತಿಗೆ ಎದೆಯ ಸೋಂಕು, ಹಿಂದಿನ ಸಂಜೆ ಆ ವಾರ್ಡಿಗೆ ಸೇರಿಸಿದ್ದರು. ಒಂಬತ್ತನೇ ಹಾಸಿಗೆ. ಮೊದಲು ಹೊಸ ಮೇಡಂ ಹತ್ತಿರ ಹೋಗಿದ್ದರಂತೆ. ಆಕೆ ಎದ್ದು ನಿಂತು ಕೈಮುಗಿದು, “ನೀವೇ ಮಾಡಿದ ನಿಯಮ ಸಾರ್, ತುಂಬ ಶಿಸ್ತಿನ ನಿಯಮ. ಎರಡನೇ ಕಿಟಕಿಯಲ್ಲಿ ಹೇಳ್ತಾರೆ” ಅಂದರಂತೆ.

ಸರದಿ ಬಂತು. ಅಕ್ಕ ಪಟ್ಟಿಯ ಮೇಲೆ ಬೆರಳಿಟ್ಟು ಓದಿದಳು. “ಒಂಬತ್ತು. ಸ್ಥಿತಿ ಸ್ಥಿರವಾಗಿದೆ. ಮುಂದಿನ ಮಾಹಿತಿ ನಾಲ್ಕು ಗಂಟೆಗೆ.”

“ನಾನು ಕಣಮ್ಮ. ಗುರುತು ಸಿಗ್ಲಿಲ್ವಾ?”

“ಸಿಕ್ತು ಸಾರ್. ಮುಂದಿನವರು ಬನ್ನಿ.”

ನನಗೆ ಸುದ್ದಿ ಮುಟ್ಟಿದಾಗ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ಹಾಗೇ ಬಿಟ್ಟು ಓಡಿದೆ. ಯಾರದೋ ದಿಂಬಿನ ಚೀಲ ಸುಟ್ಟಿತು, ಸುಡಲಿ. ಅವರು ಕಿಟಕಿಯ ಆಚೆ ಕಡೆ ನಿಂತಿದ್ದಾರೆ! ಅಕ್ಕನ ಡ್ರಾಯರಿನ ಚೀಟಿಯಲ್ಲಿ ಬರೆದಿದ್ದ ಹಾಗೇ!

ಮೊದಲ ದಿನ ಸಾಹೇಬರ ಹೆಂಡತಿಗೆ ನಿಜಕ್ಕೂ ಕಷ್ಟವಿತ್ತು, ಮುಖಕ್ಕೆ ಆಮ್ಲಜನಕದ ಮಾಸ್ಕು ಹಾಕಿದ್ದರು. ಎರಡನೇ ದಿನ ನಾನು ಗಾಡಿ ತಳ್ಳಿಕೊಂಡು ಹೋದಾಗ ದಿಂಬಿಗೆ ಒರಗಿ ಕೂತಿದ್ದರು. ಆ ಹೆಂಗಸಿನ ಮೇಲೆ ನನಗೆ ಯಾವ ಹಗೆಯೂ ಇಲ್ಲ. ಇದ್ದುದರಲ್ಲಿ ಮೆತ್ತಗಿನ ಚಾದರ ಆರಿಸಿ ಕೊಟ್ಟೆ. ಬಾಗಿಲ ಕಡೆ ನೋಡಿ, “ನಮ್ಮವರು ಬಂದಿದ್ರೆ ಊಟ ಮಾಡಿದ್ರಾ ಕೇಳಮ್ಮ” ಅಂದರು. ನಾನು ಕೆಳಗೆ ಬಂದು ಅಕ್ಕನಿಗೆ ಹೇಳಿದೆ. ಅಕ್ಕ, “ಅವರಿಗೆ ಹೇಳ್ಬೇಡ” ಅಂದಳು. ಹದಿನೆಂಟು ವರ್ಷದವಳಿದ್ದಾಗ ನನ್ನ ಜೊತೆ ಸೇರಿ ಪಕ್ಕದ ಮನೆಯ ಕಿಟಕಿ ಒಡೆದಾಗ ಹೀಗೆ ಹೇಳಿದ್ದಳು, ಆಮೇಲೆ ಅವತ್ತೇ.

ಆಗ ನಾನೊಂದು ಚೆಂದ ನೋಡಿದೆ. ಬೇರೆ ಯಾರಿಗಾದರೂ ‘ಸ್ಥಿರವಾಗಿದೆ’ ಅಂದರೆ ಅಷ್ಟಾದರೂ ಸಮಾಧಾನ ಸಿಗುತ್ತದೆ. ಇವರಿಗೆ ಸಿಗಲಿಲ್ಲ. ಆ ವಾಕ್ಯ ಕಟ್ಟಿದವರೇ ಇವರು. ಅದರೊಳಗೆ ಏನೂ ಇಲ್ಲ ಅನ್ನುವುದು ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಕ್ಕ ಒಂದಕ್ಷರ ಸುಳ್ಳು ಹೇಳಲಿಲ್ಲ. ಪಟ್ಟಿಯಲ್ಲಿ ಸ್ಥಿರ, ಹಾಸಿಗೆಯಲ್ಲೂ ಸ್ಥಿರ. ಆದರೂ ಅವರು ಎರಡನೇ ದಿನ ಎಂಟು ಸಲ ಸಾಲಿಗೆ ಬಂದರು. ಪ್ರತಿ ಸಲ ಗಾಜಿಗೆ ಇನ್ನಷ್ಟು ಹತ್ತಿರ ಮುಖ ತಂದರು. ನಾನು ಕಂಬದ ಮರೆಯಲ್ಲಿ ನಿಂತು ಕಣ್ತುಂಬ ನೋಡಿದೆ.

ಮೂರನೇ ದಿನ ಹದಿನೇಳನೇ ತಾರೀಖು. ನಾನು ಎಂದಿನಂತೆ ಮೂರಕ್ಕೆ ಐದು ನಿಮಿಷವಿರುವಾಗ ಅಕ್ಕನ ಹಿಂದೆ ಹೋಗಿ ಕೂತೆ. ಸಾಲಿನಲ್ಲಿ ಯಾರೂ ಇರಲಿಲ್ಲ. ಬೆಂಚಿನ ಮೇಲೆ ಕೂತಿದ್ದ ಸಾಹೇಬರು ಎದ್ದು ಬಂದರು. ಮೂರು ದಿನದ ಗಡ್ಡ.

“ನಿಜ ಹೇಳಮ್ಮ.”

“ಒಂಬತ್ತು. ಸ್ಥಿತಿ ಸ್ಥಿರವಾಗಿದೆ.”

“ಆ ಪಟ್ಟಿ ಹತ್ತು ಗಂಟೇದು!” ಅವರ ಧ್ವನಿ ಒಡೆಯಿತು. “ಹತ್ತು ಗಂಟೆಯಿಂದ ಈಚೆಗೆ ಏನು ಬೇಕಾದ್ರೂ ಆಗಿರ್ಬಹುದು. ಅದು ಹೇಗೆ ಮಾಡ್ತಾರೆ ಅಂತ ನನಗೆ ಗೊತ್ತಮ್ಮ. ಒಳಗೆ ಏನಾಗಿದ್ರೂ ನಾಲ್ಕು ಗಂಟೆವರೆಗೂ ನೀವು ಇದನ್ನೇ ಓದ್ತೀರಿ. ನನಗೆ ಗೊತ್ತು.”

“ಗೊತ್ತಿದೆಯಲ್ಲ ಸಾರ್” ಅಂದಳು ಅಕ್ಕ.

ಅಷ್ಟರಲ್ಲಿ ಫೋನು ಬಡಿಯಿತು. ಗೋಡೆ ಗಡಿಯಾರದಲ್ಲಿ ಸರಿಯಾಗಿ ಮೂರು. ಅಕ್ಕ ಮೂರು ಸಲ ಬಡಿಯಲು ಬಿಟ್ಟಳು. ಎತ್ತಿದಳು, ಕಿವಿಗೆ ಹಿಡಿಯಲಿಲ್ಲ. ರಿಸೀವರನ್ನು ಉದ್ದಕ್ಕೆ ಮಾಡಿ ಕಾಗದದ ಕಂಡಿಯಲ್ಲಿ ಆಚೆ ತೂರಿಸಿದಳು. ತಂತಿ ಎಳೆದು ಬಿಗಿಯಾಗಿ ನಿಂತಿತು.

“ಇದು ನಿಮಗೆ ಬಂದ ಫೋನು ಸಾರ್. ಎರಡು ವರ್ಷದಿಂದ ತಪ್ಪಿ ನನಗೆ ಬರ್ತಿದೆ. ಮಾತಾಡಿ. ಆಮೇಲೆ ನಿಮ್ಮ ಮನೆಯವರ ಸುದ್ದಿ ನಾನೇ ಹೋಗಿ ನೋಡ್ಕೊಂಡು ಬಂದು ಹೇಳ್ತೀನಿ.”

ತಂತಿ ಗಿಡ್ಡ. ಮಾತಾಡಬೇಕಾದರೆ ಸಾಹೇಬರು ಬಗ್ಗಿ ಕಂಡಿಗೆ ಮುಖ ತರಬೇಕಾಯಿತು. ತಂದರು. “ಹಲೋ” ಅಂದರು. ಆ ಕಂಡಕ್ಟರಮ್ಮನ ಗಂಟಲು ಫೋನಿನಿಂದ ಹೊರಗೂ ಕೇಳುವಂಥದು.

“ಇಪ್ಪತ್ತಮೂರು. ನಮ್ಮಮ್ಮ ಹೇಗಿದ್ದಾರೆ?”

ಅವರಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅಕ್ಕನ ಮುಖ ನೋಡಿದರು, ಅವಳ ಹಿಂದೆ ನನ್ನ ಮುಖ ನೋಡಿದರು. “ನೋಡಮ್ಮ, ಆಗಿನ ಪರಿಸ್ಥಿತಿಯಲ್ಲಿ ಆಡಳಿತದ ದೃಷ್ಟಿಯಿಂದ...” ಅಂತ ಶುರು ಮಾಡಿದರು. ಹಾಗಾದರೆ ನಿಮ್ಮ ಸುದ್ದಿಯೂ ಇಲ್ಲ ಅನ್ನುವ ಹಾಗೆ ಅಕ್ಕ ಎಡಗೈಯಲ್ಲಿ ಪಟ್ಟಿಯನ್ನು ನಿಧಾನವಾಗಿ ಮಡಿಸತೊಡಗಿದಳು. ಅದನ್ನು ನೋಡಿ ಅವರ ಮಾತು ನಿಂತಿತು.

“ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೇ ಹೋಗಿದ್ರಮ್ಮ, ನಿಮ್ಮ ತಾಯಿ” ಅಂದರು. “ಈಕೆ ನನ್ನ ಹತ್ರ ಬಂದು, ಹೋಗಿ ಕೇಳ್ಕೊಂಡು ಬಂದು ನಿಮಗೆ ಹೇಳ್ತೀನಿ ಅಂದಿದ್ರು. ಬೇಡ ಅಂದಿದ್ದು ನಾನು. ಮೆಮೊದಲ್ಲಿ ಅದನ್ನ ಬರೀಲಿಲ್ಲ. ತಪ್ಪು ನಂದು.”

ಆ ಕಡೆಯಿಂದ ಏನು ಬಂತೋ ನನಗೆ ಕೇಳಿಸಲಿಲ್ಲ. ಅವಳು ಕೂಗುವುದನ್ನು ಬಿಟ್ಟು ಮೆಲ್ಲಗೆ ಮಾತಾಡಿದಳು, ತುಂಬ ಹೊತ್ತು. ಸಾಹೇಬರು ಬಗ್ಗಿಕೊಂಡೇ ಕೇಳಿದರು. ಕುತ್ತಿಗೆ ಕೆಂಪಾಗಿತ್ತು, ಈ ಸಲ ನನ್ನ ಗಂಜಿ ಇಲ್ಲದೆಯೇ. ಕೊನೆಗೆ ರಿಸೀವರನ್ನು ಕಂಡಿಯಲ್ಲಿ ವಾಪಸು ತಳ್ಳಿದರು. “ನಿಮಗೆ ಕೊಡ್ಬೇಕಂತೆ.”

ಅಕ್ಕ ಕಿವಿಗೆ ಹಿಡಿದಳು.

“ಇದೆ” ಅಂದಳು. “ಡ್ರಾಯರಲ್ಲೇ ಇದೆ. ಬಾಚಣಿಗೆ, ಎಣ್ಣೆ, ಎಲ್ಲಾ ಹಾಗೇ ಇದೆ.” ಇನ್ನೂ ಸ್ವಲ್ಪ ಕೇಳಿದಳು. “ಬಾಮ್ಮ. ನಾಲ್ಕರವರೆಗೆ ಅಂತೇನಿಲ್ಲ, ಯಾವಾಗ ಬೇಕಾದ್ರೂ ಬಾ.”

ಫೋನು ಇಟ್ಟಳು. ಸಾಹೇಬರು ಕಂಡಿಯ ಹತ್ತಿರ ಬಗ್ಗಿದವರು ಇನ್ನೂ ನೆಟ್ಟಗಾಗಿರಲಿಲ್ಲ. “ನನ್ನ ಹೆಂಡತಿ” ಅಂದರು.

ನಾನಾಗಿದ್ದರೆ ಖಂಡಿತ ನಾಲ್ಕರವರೆಗೆ ಕೂರಿಸುತ್ತಿದ್ದೆ, ಸುಳ್ಳೇಕೆ ಹೇಳಲಿ. ಅಕ್ಕ ಗಡಿಯಾರ ನೋಡಿ ಎದ್ದಳು. ಕೆಲಸದ ಹೊತ್ತಿನಲ್ಲಿ ಆ ಮುರಿದ ಕುರ್ಚಿ ಬಿಟ್ಟು, ಕಿಟಕಿ ತೆರೆದೇ ಇಟ್ಟು, ಯಾರನ್ನೂ ಕೇಳದೆ ಮೆಟ್ಟಿಲು ಹತ್ತಿ ಹೋದಳು. ಅಷ್ಟು ಹೊತ್ತೂ ಸಾಹೇಬರು ಮೆಟ್ಟಿಲ ಕಡೆಗೇ ಕಣ್ಣು ನೆಟ್ಟಿದ್ದರು, ನಾನು ಸಾಹೇಬರ ಮೇಲೆ.

ವಾಪಸು ಬಂದವಳು ಏದುಸಿರು ಬಿಡುತ್ತಿದ್ದಳು. ಒಳಗೆ ಹೋಗಿ ಕೂರಲಿಲ್ಲ, ಕಿಟಕಿಯ ಆಚೆ ಕಡೆಯೇ ಅವರ ಎದುರು ನಿಂತಳು.

“ಚೆನ್ನಾಗಿದ್ದಾರೆ ಸಾರ್. ಗಾಜಿನ ಬಾಗಿಲಲ್ಲಿ ನಾನೇ ನೋಡ್ದೆ. ಎದ್ದು ಕೂತಿದ್ದಾರೆ, ಮಾಸ್ಕ್ ತೆಗೆದಿದ್ದಾರೆ. ನೀವು ಊಟ ಮಾಡಿದ್ರಾ ಅಂತ ಕೇಳಿದ್ರು.”

ಸಾಹೇಬರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅಕ್ಕ ಮತ್ತೆ ಗಡಿಯಾರದ ಕಡೆ ತಿರುಗಿದಳು.

“ಹೋಗಿ ನೋಡ್ಕೊಂಡು ಬರೋಕೆ ನಾಲ್ಕೇ ನಿಮಿಷ ಆಯ್ತು ಸಾರ್. ನಾನು ಅವತ್ತು ಐದು ಕೇಳಿದ್ದೆ.”

ಅವರು ಬೆಂಚಿನ ಮೇಲೆ ಕುಸಿದು ಕೂತರು. ಅಕ್ಕ ಒಳಗೆ ಹೋಗಿ, ಗಾಜಿಗೆ ಅಂಟಿಸಿದ್ದ ಆ ಟೈಪು ಮಾಡಿದ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆಯಲು ಶುರು ಮಾಡಿದಳು.